ಕಮಲತೆಯ ಜ್ವರ, ಮಾಯೆಯ ಅಳಲು

ಪ್ರೇಮ ಮುರಿದ ಪದ್ಯವನ್ನು ಅಳೆಯುವ ನನ್ನ ಮಾನದಂಡ ಈ ಅಂಕಣದ ಓದುಗರಿಗೆ ಬಾಯಿಪಾಠ: ಕಳೆದುಹೋದವರ ತೂಕ ಪದ್ಯದೊಳಗೆ ಉಳಿದಿರಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ವಚನಕಾರ ಅಲ್ಲಮನ ಪ್ರೇಮ ಕೊನೆಗೊಂಡ ಬಗೆಯನ್ನು ಎರಡು ರೀತಿ ಹೇಳಿದ ಇಬ್ಬರು ಕವಿಗಳೂ, ಈ ಐದೂ ತಾಲ್ಲೂಕುಗಳು 2021ರಿಂದ ಸೇರಿರುವ ವಿಜಯನಗರ ಜಿಲ್ಲೆಯ ನೆಲಕ್ಕೇ ನಂಟುಳ್ಳವರು: ಹಂಪಿಯ ವಿರೂಪಾಕ್ಷನನ್ನು ನಂಬಿದ ಹರಿಹರ, ಪ್ರೌಢದೇವರಾಯನ ಕಾಲದ ಚಾಮರಸ.

ನನ್ನ ಪಕ್ಷ ಹರಿಹರನದು. ಅವನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಕಮಲತೆಯ ಜತೆ ಮನಸಾರೆ ಸುಖಿಸುತ್ತಾನೆ, ಅವಳು ಜ್ವರ ಬಂದು ಸಾಯುತ್ತಾಳೆ. ದ್ರೋಹವಿಲ್ಲ, ಜಗಳವಿಲ್ಲ, ದೂರಲು ಯಾರೂ ಸಿಗದ ದುಃಖ ತನ್ನನ್ನೇ ತಿನ್ನುತ್ತದೆ. ಮರುಳನಂತೆ ಅಲೆದವನು ಒಂದೆಡೆ ಕೂತು ಕಾಲುಗುರಿನಿಂದ ನೆಲ ಕೆರೆಯುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ, ಒಳಗೆ ಗುರು ಅನಿಮಿಷಯ್ಯ ಸಿಗುತ್ತಾನೆ. ಸುಮ್ಮನೆ ಕೂತ ದುಃಖಿಯ ಕಾಲು ಮಾಡುವ ಕೆಲಸ ಅದು. ಅರಿವಿನ ಬಾಗಿಲು ತೆರೆದದ್ದು ಅದರಿಂದಲೇ. ಕತೆಯ ಅನುಕೂಲಕ್ಕೆ ಕವಿ ಕಮಲತೆಯನ್ನು ಕೊಂದ ಎಂಬ ಆಕ್ಷೇಪ ಹಳೆಯದು. ಅನುಕೂಲವೇ ಗುರಿಯಾಗಿದ್ದರೆ ಸಾವಿನ ಬೆನ್ನಿಗೇ ಗುರುವನ್ನು ತಂದು ನಿಲ್ಲಿಸಬಹುದಿತ್ತು. ನಡುವೆ ಆ ಅಲೆದಾಟಕ್ಕೆ ಜಾಗ ಬಿಟ್ಟಿದ್ದಾನಲ್ಲ, ಕಮಲತೆಯ ತೂಕ ಇರುವುದು ಅಲ್ಲಿ.

ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಪುರಾಣಕ್ಕೆ ಕೂತು ಕೇಳಿದವರಿಗೆ ಬನವಾಸಿಯ ಮಾಯೆ ಗೊತ್ತು. ಮಮಕಾರ ರಾಜನ ಮಗಳು, ಮೋಹಿನಿ ತಾಯಿ. ಹೆಸರುಗಳೇ ತೀರ್ಪು ಕೊಟ್ಟುಬಿಟ್ಟಿವೆ. ಅಲ್ಲಮ ಅವಳ ಕೈಗೆ ಸಿಗುವುದೇ ಇಲ್ಲ. ಪ್ರವಚನಕಾರರಿಗೂ ಅವರ ಹಾದಿ ಹಿಡಿದ ವಿಮರ್ಶಕರಿಗೂ ಇದು ಬಲು ಇಷ್ಟ: ಹೆಣ್ಣು ಭ್ರಮೆ, ಬಿಟ್ಟವನು ಗೆದ್ದ. ಇಲ್ಲದ್ದನ್ನು ಬಿಡುವುದು ಯಾವ ಸೀಮೆಯ ತ್ಯಾಗ? ಅದು ಸಾಂಕೇತಿಕ ಕಾವ್ಯ, ಮನುಷ್ಯರ ಪ್ರೇಮದ ಅಳತೆಗೋಲು ಹಿಡಿಯಬಾರದು ಎಂದು ಅವರು ಹೇಳುತ್ತಾರೆ. ಆದರೆ ಆ ಅಳತೆಗೋಲನ್ನು ಕೈಗಿತ್ತವನು ಚಾಮರಸನೇ. ಅಲ್ಲಮನ ಮದ್ದಳೆಗೆ ಮನಸೋತವಳು, ಅವನು ತಪ್ಪಿಸಿಕೊಂಡ ಮೇಲೆ ಹಲುಬುವವಳು ಸಂಕೇತದ ಚೌಕಟ್ಟಿಗೆ ಹಿಡಿಯುವುದಿಲ್ಲ. ತತ್ತ್ವ ಅವಳನ್ನು ಸೋಲಿಸಲು ಕರೆತಂದಿತು. ಷಟ್ಪದಿ ಅವಳ ಅಳಲನ್ನು ಕೇಳುತ್ತ ನಿಂತುಬಿಟ್ಟಿತು.

ಇಲ್ಲಿಗೆ ಬಂದಾಗ ಹರಿಹರನ ಪಕ್ಷಕ್ಕೂ ಒಂದು ಇಕ್ಕಟ್ಟು. ಕಮಲತೆ ಸತ್ತವಳು, ಅಗಲಿಕೆಯ ಬಗ್ಗೆ ಅವಳ ಮಾತೇ ಇಲ್ಲ, ಇಡೀ ದುಃಖ ಗಂಡಸಿನದು. ತಿರಸ್ಕೃತಳ ಬಾಯಿಗೆ ಮಾತು ಕೊಟ್ಟವನು, ಅವಳನ್ನು ಮಾಯೆ ಎಂದು ಕರೆದ ಚಾಮರಸನೇ. ಹಾಗಾಗಿ ಮಾನದಂಡವನ್ನು ಇಷ್ಟು ಉದ್ದ ಮಾಡಬೇಕಾಗಿದೆ: ಹೋದವರ ತೂಕದ ಜತೆಗೆ, ಬಿಡಿಸಿಕೊಂಡು ಹೋದವನ ಎದುರು ನಿಂತವರ ಮಾತೂ ಪದ್ಯದಲ್ಲಿ ಇರಬೇಕು. ಮಾಯೆಯ ಅಳಲನ್ನು ಎರಡೇ ಮಾತಿನಲ್ಲಿ ದಾಟಿ ವೈರಾಗ್ಯದ ಉಪದೇಶಕ್ಕೆ ಧಾವಿಸುವ ಪ್ರವಚನ, ಚಾಮರಸನಲ್ಲಿ ಅತಿ ಹೆಚ್ಚು ಕವಿತ್ವವಿರುವ ಭಾಗವನ್ನೇ ಬಿಟ್ಟು ಪುರಾಣ ಮುಗಿಸುತ್ತದೆ.