ಜಾನುಚಿತ್ರ: ಪಾಠವೂ ಅರ್ಥವೂ

ಸುಶ್ರುತಸಂಹಿತೆಯು ದೇಹದಲ್ಲಿ ೧೦೭ ಮರ್ಮಗಳನ್ನು ಎಣಿಸಿ, ಜಾನುವನ್ನು ಸಂಧಿಮರ್ಮಗಳಲ್ಲಿ ಸೇರಿಸಿದೆ. ಅಲ್ಲಿ ಪೆಟ್ಟು ಬಿದ್ದರೆ ಕುಂಟು ಒದಗುವುದೆಂದು ಅದರ ನಿರ್ಣಯ. ಓಟ, ನೆಗೆತ, ಮಲ್ಲವಿದ್ಯೆಗಳಿಂದಲೇ ಕೀರ್ತಿಯನ್ನೂ ಜೀವನವನ್ನೂ ಪಡೆಯುವವರಿಗೆ ಈ ಮಾತು ಎಷ್ಟು ಕಠೋರವೆಂಬುದನ್ನು ವಿವರಿಸಬೇಕಾಗಿಲ್ಲ. ೨೦೧೬ರ ರಿಯೋ ಒಲಿಂಪಿಕ್ ಕೂಟದಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಮಂಡಿಗೆ ಪೆಟ್ಟಾಗಿ ಕಣದಿಂದ ಹೊರಗೆ ಒಯ್ಯಲ್ಪಟ್ಟುದೂ, ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಪಡೆದುದೂ ಪ್ರಸಿದ್ಧವಾಗಿವೆ. ಇಂತಹ ಪಟುಗಳ ಬಾಳಿನಲ್ಲಿ ಪೆಟ್ಟಿಗೂ ಚಿಕಿತ್ಸೆಗೂ ನಡುವೆ ಇಂದು ಮಂಡಿಯ ಒಳಚಿತ್ರವೊಂದು ನಿಲ್ಲುತ್ತದೆ. ಆ ಚಿತ್ರವನ್ನು ಓದುವ ಕ್ರಮವೇ ಇಲ್ಲಿ ವಿಮರ್ಶೆಗೆ ವಿಷಯ.

೧೮೯೫ರಲ್ಲಿ ರಂಟ್ಗೆನ್ ಕಂಡ ಎಕ್ಸ್‌ಕಿರಣವು ಮೂಳೆಯನ್ನು ತೋರಿಸಿತು. ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇವರಿಗೆ ೨೦೦೩ರ ನೊಬೆಲ್ ಬಹುಮಾನವನ್ನು ತಂದ ಎಂ.ಆರ್.ಐ. ವಿಧಾನವು ಮೃದ್ವಸ್ಥಿ, ಅಸ್ಥಿರಜ್ಜು, ಮೂಳೆಯ ಮಜ್ಜೆಯೊಳಗಣ ಊತ ಇವನ್ನೂ ಕಣ್ಣಿಗೆ ತಂದಿತು. ಹೀಗೆ ಎಲ್ಲವೂ ಕಾಣುವಂತಾದ ಮೇಲೆ, ಕಂಡುದೆಲ್ಲವೂ ರೋಗವೆಂಬ ಭ್ರಮೆಯೂ ಹುಟ್ಟಿತು.

“ಚಿತ್ರದಲ್ಲಿ ಬಿರುಕು ಕಾಣುತ್ತದೆ, ಆದುದರಿಂದ ನೋವು ಅದರಿಂದಲೇ” ಎಂಬ ಅನುಮಾನವನ್ನು ತರ್ಕದ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು. ೨೦೦೫ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಅಮೆರಿಕೆಯ ೨೦ ಮಂದಿ ವೃತ್ತಿನಿರತ ಬಾಸ್ಕೆಟ್‌ಬಾಲ್ ಆಟಗಾರರ, ನೋವಿಲ್ಲದ ೪೦ ಮಂಡಿಗಳನ್ನು ಎಂ.ಆರ್.ಐ. ಮೂಲಕ ನೋಡಲಾಯಿತು. ೧೯ ಮಂಡಿಗಳಲ್ಲಿ ಮೃದ್ವಸ್ಥಿಯ ಕ್ಷತಿಯೂ, ೮ರಲ್ಲಿ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೆತ್ತೆಯ ವಿಕೃತಿಯೂ ಕಂಡುಬಂದುವು. ಸಾಧ್ಯವಿಲ್ಲದೆಡೆಯಲ್ಲೂ ಹೇತುವಿದ್ದರೆ ಅದು ಸವ್ಯಭಿಚಾರವೆಂದು ನೈಯಾಯಿಕರು ತಳ್ಳುವರು. ನೋವಿಲ್ಲದ ಮಂಡಿಯಲ್ಲೂ ಕಾಣುವ ಬಿರುಕು ಒಂದೇ ನೋವನ್ನು ಸಾಧಿಸಲಾರದು. ಪಾಠಾಂತರವೆಲ್ಲವೂ ಲಿಪಿಕಾರನ ಪ್ರಮಾದವಲ್ಲವೆಂಬುದನ್ನು ಗ್ರಂಥಸಂಪಾದಕರು ಬಲ್ಲರಷ್ಟೆ. ವರ್ಷಗಟ್ಟಲೆ ನೆಗೆದ ಮಂಡಿಯಲ್ಲಿ ದುಡಿಮೆಯ ಗುರುತುಗಳು ಇರುವುದು ಸಹಜ.

ಹಾಗೆಂದು ಚಿತ್ರವನ್ನು ತಿರಸ್ಕರಿಸುವುದೂ ಯುಕ್ತವಲ್ಲ. ಎಕ್ಸ್‌ಕಿರಣವಿನ್ನೂ ತಿಳಿಯದಿದ್ದ ೧೮೭೯ರಲ್ಲಿ, ಫ್ರೆಂಚ್ ಶಸ್ತ್ರವೈದ್ಯ ಪಾಲ್ ಸೆಗೋಂ, ಶವಗಳ ಮಂಡಿಯನ್ನು ತಿರುಚಿ ಪರೀಕ್ಷಿಸಿ, ಕೆಳಗಾಲಿನ ದೊಡ್ಡ ಮೂಳೆಯ ಹೊರಮಗ್ಗುಲಿಂದ ಕಿರುಚೂರೊಂದು ಕಿತ್ತುಬರುವುದನ್ನು ವರ್ಣಿಸಿದನು. ಎಕ್ಸ್‌ಕಿರಣದಲ್ಲಿ ಆ ಚೂರು ಅತ್ಯಲ್ಪವಾಗಿ ತೋರಿದರೂ, ಎ.ಸಿ.ಎಲ್. ಎಂಬ ಒಳಗಣ ಅಸ್ಥಿರಜ್ಜು ಹರಿದಿರುವುದನ್ನು ಬಹುತರವಾಗಿ ಸೂಚಿಸುತ್ತದೆ. ದೊಡ್ಡ ಬಿರುಕು ಮೂಕವಾಗಿರಬಹುದು, ಸಣ್ಣ ಚೂರು ಮಹದರ್ಥವನ್ನು ಹೇಳಬಹುದು. ಅರ್ಥಗೌರವಕ್ಕೆ ಗಾತ್ರವು ಪ್ರಮಾಣವಲ್ಲ.

ಇನ್ನೊಂದು ನ್ಯೂನತೆಯೂ ಉಂಟು. ಸಾಮಾನ್ಯವಾಗಿ ಎಂ.ಆರ್.ಐ. ಚಿತ್ರವನ್ನು ತೆಗೆಯುವಾಗ ಪಟುವು ಅಲುಗಾಡದೆ ಮಲಗಿರುತ್ತಾನೆ. ನೋವಾದರೋ ನೆಗೆದು ಇಳಿಯುವಾಗ, ಓಡುತ್ತ ಥಟ್ಟನೆ ತಿರುಗುವಾಗ ಹುಟ್ಟುವಂಥದು. ಪ್ರಕರಣವನ್ನು ಬಿಟ್ಟ ವಾಕ್ಯದಂತೆ ಈ ಚಿತ್ರ. ಪ್ರಕರಣವನ್ನು ಒದಗಿಸತಕ್ಕವು ಎರಡು: ಪಟುವಿನ ಮಾತು, ವೈದ್ಯನ ಕೈ. ಮಂಡಿಯನ್ನು ತುಸು ಮಡಿಸಿ, ಕೆಳಗಾಲನ್ನು ಮುಂದಕ್ಕೆಳೆದು ಎ.ಸಿ.ಎಲ್.ನ ಸಡಿಲವನ್ನು ಅರಿಯುವ ಲಾಕ್‌ಮನ್ ಪರೀಕ್ಷೆಯು ೧೯೭೬ರಲ್ಲಿ ಪ್ರಕಟವಾಯಿತು. ಅದಕ್ಕೆ ಯಂತ್ರವೇ ಬೇಡ.

ಓದಿನ ತಪ್ಪು ಇಲ್ಲಿ ಕಾಗದದ ಮೇಲೆ ಉಳಿಯುವುದಿಲ್ಲ, ಕತ್ತಿಯವರೆಗೆ ಹೋಗುತ್ತದೆ. ೨೦೧೩ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ, ಸವೆತದಿಂದ ಮೆನಿಸ್ಕಸ್ ಹರಿದು ನೋಯುತ್ತಿದ್ದ, ೩೫ರಿಂದ ೬೫ ವರ್ಷದ ೧೪೬ ಮಂದಿಯಲ್ಲಿ ಕೆಲವರಿಗೆ ಹರಿದ ಭಾಗವನ್ನು ಕತ್ತರಿಸಿ, ಉಳಿದವರಿಗೆ ಕತ್ತರಿಸಿದಂತೆ ತೋರಿಸಲಾಯಿತು. ವರ್ಷದ ತರುವಾಯ ಕತ್ತರಿಸಿಕೊಂಡವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಆದರೆ ಇದನ್ನೇ ಹಿಡಿದು, ಆಟದಲ್ಲಿ ಮಂಡಿ ತಿರುಚಿ ಮೆನಿಸ್ಕಸ್ ಹರಿದುಕೊಂಡ ತರುಣನಿಗೂ ಶಸ್ತ್ರಚಿಕಿತ್ಸೆ ವ್ಯರ್ಥವೆನ್ನುವುದು ಅತಿವ್ಯಾಪ್ತಿ. ಅವನ ಗಾಯ ಬೇರೆ, ಅದಕ್ಕೆ ವಿಚಾರವೂ ಬೇರೆ.

ಆದುದರಿಂದ ಚಿತ್ರವು ಪಾಠ; ಅರ್ಥವು ಪಟುವಿನ ಮಾತು, ಪೆಟ್ಟಿನ ವೃತ್ತಾಂತ, ಕೈಯ ಪರೀಕ್ಷೆ ಇವುಗಳೊಡನೆ ಏಕವಾಕ್ಯತೆಯಾದಾಗ ಮಾತ್ರ ಸಿದ್ಧಿಸುವುದು. ಈ ಮೂರೂ ಚಿತ್ರಕ್ಕೆ ಸಾಕ್ಷಿ ಹೇಳದಿರುವಲ್ಲಿ, ಕತ್ತಿಯು ಕಾದಿರುವುದೇ ಲೇಸು.