ಸಿಡಿಲು ಹೊಡೆದರೆ ಅಣಬೆ ಇಮ್ಮಡಿಯೇ?

ಗುಡುಗಿಗೆ ಅಣಬೆ ಏಳುತ್ತದೆ ಎಂಬುದು ನಮ್ಮ ಮಲೆನಾಡು, ಕರಾವಳಿಗಳಲ್ಲಿ ಎಲ್ಲರೂ ಬಲ್ಲ ಮಾತು. ಇದು ನಮ್ಮವರದಷ್ಟೇ ನಂಬಿಕೆಯಲ್ಲ. ಗ್ರೀಕ್ ಲೇಖಕ ಪ್ಲುಟಾರ್ಕ್ ಸುಮಾರು 1900 ವರ್ಷಗಳ ಹಿಂದೆಯೇ ಗುಡುಗಿಗೂ ನೆಲದಡಿಯ ಅಣಬೆಗೂ ಇರುವ ನಂಟನ್ನು ಚರ್ಚಿಸಿದ್ದಾನೆ. ಹೀಗಿರುವಾಗ, ಜಪಾನಿನ ವಿಜ್ಞಾನಿಗಳು ಮರದ ದಿಮ್ಮಿಗೆ ಕೃತಕ ಸಿಡಿಲು ಹೊಡೆಸಿ ಅಣಬೆಯ ಇಳುವರಿಯನ್ನು ಇಮ್ಮಡಿಗೊಳಿಸಿದರು ಎಂಬ ಸುದ್ದಿ 2010ರಲ್ಲಿ ಬಂದಾಗ ಅದು ಎಲ್ಲೆಡೆ ಹರಡಿದ್ದು ಸಹಜ. ಮನೆಯಲ್ಲೇ ದಿಮ್ಮಿಯ ಮೇಲೆ ಅಣಬೆ ಬೆಳೆಯುವುದನ್ನು ಹೇಳಿಕೊಡುವ ಬರಹಗಳಲ್ಲಿ ಇಂದಿಗೂ ಈ ಸಾಲು ಕಾಣಸಿಗುತ್ತದೆ.

ಅಂಥದೊಂದು ಬರಹವನ್ನು ಹಿಡಿದುಕೊಂಡು ವಿದ್ಯಾರ್ಥಿಯೊಬ್ಬ ನನ್ನ ಬಳಿಗೆ ಬಂದ. ವಿಜ್ಞಾನ ಪ್ರದರ್ಶನಕ್ಕಾಗಿ ನೆನೆಸಿದ ದಿಮ್ಮಿಗೆ ಪ್ರಯೋಗಾಲಯದ ಇಂಡಕ್ಷನ್ ಕಾಯಿಲ್ ಜೋಡಿಸಬಹುದೇ ಎಂದು ಕೇಳಿದ. ಬೇಡವೆಂದು ತಡೆದೆ. ಆದರೆ ತಪ್ಪು ಅವನದಲ್ಲ, 'ಹೀಗೆ ಮಾಡಿ' ಎಂದು ಹೇಳಿ 'ಏಕೆ' ಎಂಬುದನ್ನು ಬಿಟ್ಟುಬಿಡುವ ಬರಹದ್ದು. ಅಂಥ ಬರಹಗಳನ್ನು ಓದುವ ಬಗೆ ಹೇಗೆ ಎಂಬುದೇ ಇಲ್ಲಿನ ವಿಷಯ.

ದಿಮ್ಮಿಯ ಮೇಲೆ ಬೆಳೆಯುವ ಅಣಬೆಗಳಲ್ಲಿ ಮುಖ್ಯವಾದುದು ಶಿಟಾಕೆ. 'ಶಿ' ಎಂಬುದು ಓಕ್ ಕುಟುಂಬದ ಒಂದು ಮರ, 'ಟಾಕೆ' ಎಂದರೆ ಅಣಬೆ. ದಿಮ್ಮಿಗೆ ಕೊಡಲಿಯಿಂದ ಕಚ್ಚು ಹಾಕಿ ಇದನ್ನು ಬೆಳೆಯುವ ಕ್ರಮವನ್ನು ಚೀನಾದ ವಾಂಗ್ ಝೆನ್ 1313ರ ತನ್ನ ಕೃಷಿಗ್ರಂಥದಲ್ಲಿ ವಿವರಿಸಿದ್ದಾನೆ. ಗಾಳಿಯಲ್ಲಿ ತೇಲಿಬರುವ ಬೀಜಾಣುವಿಗಾಗಿ ಕಾಯುವ ಈ ಪದ್ಧತಿ ಬದಲಾದದ್ದು 1942ರಲ್ಲಿ. ಜಪಾನಿನ ಕಿಸಾಕು ಮೋರಿ, ಶುದ್ಧ ಶಿಲೀಂಧ್ರವನ್ನು ಮರದ ಪುಟ್ಟ ಬಿರಡೆಗಳಲ್ಲಿ ಬೆಳೆಸಿ ದಿಮ್ಮಿಯ ತೂತುಗಳಿಗೆ ಬಡಿಯುವ ವಿಧಾನವನ್ನು ರೂಪಿಸಿದರು. ಇಂದಿನ ಮನೆಬಳಕೆಯ ವಿಧಾನವೂ ಇದೇ.

ಸೂಚನೆಗಳು ಸಾಮಾನ್ಯವಾಗಿ ಹೀಗಿರುತ್ತವೆ: ಎಲೆ ಉದುರಿದ ಕಾಲದಲ್ಲಿ ಕಡಿದ, ತೊಗಟೆ ಬಿಡದ ಗಟ್ಟಿಮರದ ದಿಮ್ಮಿ ತನ್ನಿ, ಉದ್ದಕ್ಕೆ ಸುಮಾರು 15 ಸೆಂ.ಮೀ. ಅಂತರದಲ್ಲಿ, ಸಾಲುಗಳನ್ನು ಇನ್ನೂ ಹತ್ತಿರವಾಗಿಸಿ ತೂತು ಕೊರೆಯಿರಿ, ಬಿರಡೆ ಬಡಿದು ಮೇಣ ಹಚ್ಚಿ, ನೆರಳಿನಲ್ಲಿಟ್ಟು ಕಾಯಿರಿ. ಅಂತರಗಳು ಏಕೆ ಬೇರೆ? ಮರದ ನೀರು ಸಾಗಿಸುವ ನಾಳಗಳು ಉದ್ದಕ್ಕೆ ಹಾಯುತ್ತವೆ. ಶಿಲೀಂಧ್ರದ ಎಳೆಗಳು ಆ ದಿಕ್ಕಿನಲ್ಲಿ ಬೇಗ, ಅಡ್ಡಲಾಗಿ ನಿಧಾನವಾಗಿ ಹಬ್ಬುತ್ತವೆ. ಭೌತವಿಜ್ಞಾನದಲ್ಲಿ ದಿಕ್ಕನ್ನು ಅವಲಂಬಿಸಿದ ಗುಣ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಬೇಕೆ? ಮೇಣ, ತೊಗಟೆ, ನೆರಳು ಮೂರರ ಕೆಲಸವೂ ಮುಖ್ಯವಾಗಿ ಒಂದೇ, ನೀರನ್ನು ಉಳಿಸುವುದು. ದಿಮ್ಮಿ ತೀರ ಒಣಗಿದರೆ ಎಳೆಗಳು ಸಾಯುತ್ತವೆ. ಈ ಕಾರಣ ತಿಳಿದವನು ದಿಮ್ಮಿಯನ್ನು ಆಗಾಗ ತೂಗಿ ನೋಡುತ್ತಾನೆ. ತಿಳಿಯದವನು ವರ್ಷ ಕಾದು, ಬೀಜ ಸರಿಯಿಲ್ಲವೆಂದು ದೂರುತ್ತಾನೆ.

ಎರಡನೆಯ ಲೋಪ, ಇಳುವರಿಯ ಲೆಕ್ಕ. 10 ಸೆಂ.ಮೀ. ವ್ಯಾಸದ, ಒಂದು ಮೀಟರ್ ಉದ್ದದ ದಿಮ್ಮಿಯ ಗಾತ್ರ ಸುಮಾರು 8 ಲೀಟರ್. ನೀರನ್ನು ಕಳೆದರೆ ಅದರಲ್ಲಿ ನಾಲ್ಕೂವರೆ ಕಿಲೋಗ್ರಾಂನಷ್ಟು ಒಣ ಮರವಿದೆ ಎನ್ನೋಣ. ಮೂರು ನಾಲ್ಕು ವರ್ಷಗಳಲ್ಲಿ ಒಂದು ಕಿಲೋ ಹಸಿ ಅಣಬೆ ಬಂದಿತು ಎಂದುಕೊಳ್ಳಿ. ಅದರಲ್ಲಿ ಶೇಕಡಾ 90ರಷ್ಟು ನೀರು. ಒಣ ತೂಕ ಬರಿಯ 100 ಗ್ರಾಂ, ಅಂದರೆ ಮರದ ಶೇಕಡಾ ಎರಡು ಚಿಲ್ಲರೆ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಶಿಲೀಂಧ್ರ ಉಸಿರಾಟದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ, ಮಿಕ್ಕದ್ದು ಪೊಳ್ಳು ಮರವಾಗಿ ಉಳಿಯುತ್ತದೆ. ದಿಮ್ಮಿ ತುಂಬಿಟ್ಟ ಕಣಜವೇ ಹೊರತು ಅಕ್ಷಯಪಾತ್ರೆಯಲ್ಲ.

ಈಗ ಸಿಡಿಲಿಗೆ ಬರೋಣ. ಇವಾಟೆ ವಿಶ್ವವಿದ್ಯಾಲಯದ ಕೋಇಚಿ ತಕಾಕಿ ಮತ್ತು ಸಂಗಡಿಗರ ಪ್ರಯೋಗ ಗಂಭೀರವಾದುದೇ. 50ರಿಂದ 100 ಕಿಲೋವೋಲ್ಟ್‌ಗಳ ಸ್ಪಂದವನ್ನು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಅಲ್ಪಾವಧಿಗೆ ದಿಮ್ಮಿಗೆ ಕೊಟ್ಟಾಗ ಇಳುವರಿ ಹೆಚ್ಚಿತು, ಕೆಲವು ಸಂದರ್ಭಗಳಲ್ಲಿ ಇಮ್ಮಡಿಯಾಯಿತು. ನನ್ನ ತಕರಾರು ಪ್ರಯೋಗದ ಮೇಲಲ್ಲ, ಅದನ್ನು ಸುದ್ದಿ ಮಾಡಿದ ರೀತಿಯ ಮೇಲೆ. ಇಮ್ಮಡಿ ಎಂದರೆ ಒಂದು ಹಂಗಾಮಿನಲ್ಲೋ, ದಿಮ್ಮಿಯ ಇಡೀ ಆಯುಸ್ಸಿನಲ್ಲೋ? ಕಣಜದಿಂದ ಬೇಗ ತೆಗೆಯುವುದೂ ಹೆಚ್ಚು ತೆಗೆಯುವುದೂ ಒಂದೇ ಅಲ್ಲ. ಇನ್ನು 'ಅಜ್ಜಿಯ ಮಾತು ಸಾಬೀತಾಯಿತು' ಎನ್ನುವುದು ಅವಸರದ ಮಾತು. ಗುಡುಗಿನ ಜೊತೆಗೇ ಮಳೆ ಬರುತ್ತದೆ, ತಂಪು ಇಳಿಯುತ್ತದೆ. ಬೆಳೆಗಾರರು ದಿಮ್ಮಿಯನ್ನು ಒಂದು ದಿನ ತಣ್ಣೀರಿನಲ್ಲಿ ಮುಳುಗಿಸಿಟ್ಟು ಅಣಬೆ ಏಳಿಸುವುದೂ ಇದೇ ಕಾರಣಕ್ಕೆ. ಒಟ್ಟಿಗೆ ಬರುವ ಮೂರರಲ್ಲಿ ಒಂದಕ್ಕೆ ಮಾತ್ರ ಕೀರ್ತಿ ಸಲ್ಲಿಸುವುದು ವಿಜ್ಞಾನವಲ್ಲ.

ಆ ವಿದ್ಯಾರ್ಥಿಗೆ ನಾನು ಸೂಚಿಸಿದ್ದು ಇಷ್ಟು: ಶಿಲೀಂಧ್ರ ಚೆನ್ನಾಗಿ ಹಬ್ಬಿದ, ಒಂದೇ ಅಳತೆಯ ದಿಮ್ಮಿಗಳ ಮೂರು ಗುಂಪು ಮಾಡು. ಒಂದನ್ನು ಹಾಗೇ ಬಿಡು, ಇನ್ನೊಂದನ್ನು ನೆನೆಸು, ಮತ್ತೊಂದನ್ನು ನೆನೆಸಿ ಸುತ್ತಿಗೆಯಿಂದ ಬಡಿ. ವಾಂಗ್ ಝೆನ್ ಕಾಲದ ಬೆಳೆಗಾರರೂ ದಿಮ್ಮಿಗಳನ್ನು ಬಡಿದು 'ಅಣಬೆಯನ್ನು ಬೆಚ್ಚಿಬೀಳಿಸು'ತ್ತಿದ್ದರು. ಪ್ರತಿ ಗುಂಪಿನಲ್ಲೂ ಐದಾರಾದರೂ ಇರಲಿ, ತೂಕ ಮತ್ತು ಉಷ್ಣತೆಯನ್ನು ಬರೆದಿಡು. ಶಿಟಾಕೆಗೆ ತಂಪು ಬೇಕು. ನಮ್ಮ ಬಯಲುಸೀಮೆಯ ಶಾಲೆಗಳು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದು ಇಂಥ ಹೋಲಿಕೆ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿಲ್ಲ.

ಶಿಕ್ಷಕರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಒದ್ದೆ ದಿಮ್ಮಿ, ಒದ್ದೆ ಕೈ, ಹೆಚ್ಚಿನ ವೋಲ್ಟೇಜ್, ಇವು ಮೂರೂ ಸೇರಿದಲ್ಲಿ ಪ್ರಾಣ ಹೋಗಬಹುದು. ದಿಮ್ಮಿಯ ಮೇಲೆ ನಾವು ಬಿತ್ತದ ಅಣಬೆಯೂ ಏಳಬಹುದು. ತಿಳಿದವರು ಗುರುತಿಸದ ಹೊರತು ಬಾಯಿಗಿಡಬೇಡಿ.

ಹುಡುಗ ಕಾಯಿಲನ್ನು ಬೀರುವಿನಲ್ಲೇ ಬಿಟ್ಟು ತಕ್ಕಡಿ ಕೇಳಿದ. ಅದನ್ನು ಸಂತೋಷದಿಂದ ಕೊಟ್ಟೆ.