ನಾಳೆಯನ್ನು ಈ ಗಳಿಗೆಗೆ ಕರೆದ ಬಸವಣ್ಣ: ಒಂದು ವಚನದ ವ್ಯಾಖ್ಯಾನ

ಅವತರಣಿಕೆ

ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು ಬಸವಣ್ಣ. ಆಯವ್ಯಯದ ಲೆಕ್ಕ ಬರೆಯುವವನಿಗೆ ನಾಳೆಯ ಯೋಚನೆ ತಪ್ಪಿದ್ದಲ್ಲ. ಅಂಥ ಕಾಯಕದಲ್ಲಿದ್ದವರೇ ನಾಳೆಯ ಅಂಜಿಕೆಯನ್ನು ಬೇರುಸಹಿತ ಕೀಳುವ ವಚನವೊಂದನ್ನು ಕೊಟ್ಟಿದ್ದಾರೆ. ನಾಳೆ ಒದಗುವುದನ್ನು ಇಂದಿಗೂ ಇಂದಿನದನ್ನು ಈ ಗಳಿಗೆಗೂ ಬರಮಾಡಿಕೊಳ್ಳುವ ಆ ಪುಟ್ಟ ವಚನವನ್ನು ಕೇಳದ ಕನ್ನಡಿಗರು ಕಡಿಮೆ. ಅದನ್ನು ಧೈರ್ಯದ ಮಾತೆಂದೇ ಓದುವುದು ರೂಢಿ. ಧೈರ್ಯವೇನೋ ಅದರಲ್ಲಿದೆ. ಆ ಧೈರ್ಯ ಹುಟ್ಟಿದ್ದೆಲ್ಲಿಂದ ಎಂದು ಸಾಲು ಸಾಲಾಗಿ ಹುಡುಕಿದರೆ ಅಹಂಕಾರದ ಸ್ವರೂಪವೇ ಬಿಚ್ಚಿಕೊಳ್ಳುತ್ತದೆ. ‘ನಾನು’ ಬದುಕುವುದು ನಾಳೆಯ ಬಲದಿಂದ. ಈ ಗಳಿಗೆಯಲ್ಲಿ ಅದಕ್ಕೆ ಕಾಲೂರಲು ನೆಲವಿಲ್ಲ. ವಚನದ ಹುರುಳು ಇದೇ ಎಂದು ನನ್ನ ನಂಬಿಕೆ.

ಮೊದಲ ಸಾಲು: ನಾಳೆಯದಕ್ಕೆ ಇಂದೇ ಆಹ್ವಾನ

ಬರುವುದು ಒಳಿತೋ ಕೆಡುಕೋ ಎಂದು ಸಾಲು ಹೇಳುವುದಿಲ್ಲ. ಏನೇ ಇರಲಿ, ಇಂದೇ ಬರಲಿ ಎನ್ನುತ್ತದೆ. ಅಹಂಕಾರಕ್ಕೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ಸಾಂಖ್ಯರ ಕ್ರಮದಲ್ಲಿ ಪ್ರಕೃತಿಯಿಂದ ಮಹತ್ತು, ಮಹತ್ತಿನಿಂದ ಅಹಂಕಾರ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಅಹಂಕಾರಕ್ಕೆ ಕೊಡುವ ಲಕ್ಷಣ ಅಭಿಮಾನ: ನಡೆಯುವುದನ್ನೆಲ್ಲ ‘ನನ್ನದು’, ‘ನನಗಾಗಿ’ ಎಂದು ಬರೆದುಕೊಳ್ಳುವ ಸ್ವಭಾವ. ಆದದ್ದರ ಮೇಲೆ ಹಕ್ಕು ಹೂಡಿದರೂ ಅದಕ್ಕೆ ತೃಪ್ತಿಯಿಲ್ಲ, ಆಗಬೇಕಾದದ್ದನ್ನೂ ಮುಂಗಡವಾಗಿ ಹಿಡಿದಿಡುತ್ತದೆ. ನಾಳೆ ನನಗೆ ಹೀಗಾಗಬೇಕು, ಹಾಗಾಗಬಾರದು ಎಂಬ ಎಣಿಕೆ ಇರುವಷ್ಟು ಹೊತ್ತು ‘ನಾನು’ ಸುರಕ್ಷಿತ. ಒಳಿತು ಕೆಡುಕನ್ನು ಆರಿಸದೆ ಬಾಗಿಲು ತೆರೆದವನಲ್ಲಿ ಆ ಎಣಿಕೆಗೆ ಕೆಲಸ ಉಳಿಯುವುದಿಲ್ಲ.

ಎರಡನೆಯ ಸಾಲು: ಇಂದಿನದು ಈಗಲೇ

ಮೊದಲ ಸಾಲೇ ಸಾಕಿತ್ತಲ್ಲ, ಮತ್ತೊಂದೇಕೆ? ‘ಇಂದು’ ಎಂಬುದರಲ್ಲೂ ಬೆಳಗು, ಮಧ್ಯಾಹ್ನ, ಸಂಜೆ ಇವೆ. ಸಂಜೆಯವರೆಗಿನ ಸಮಯ ಸಿಕ್ಕರೂ ಅಹಂಕಾರ ಅಲ್ಲಿ ಬಿಡಾರ ಹೂಡುತ್ತದೆ. ಆ ಎಡೆಯನ್ನೂ ಬಸವಣ್ಣ ಮುಚ್ಚುತ್ತಾರೆ.

ಪತಂಜಲಿಯ ಯೋಗಸೂತ್ರದ ವಿಭೂತಿಪಾದದಲ್ಲಿ ಕ್ಷಣ ಮತ್ತು ಅದರ ಕ್ರಮದ ಮೇಲೆ ಸಂಯಮ (ಧಾರಣೆ, ಧ್ಯಾನ, ಸಮಾಧಿ ಮೂರೂ ಒಂದಾದ ಏಕಾಗ್ರತೆ) ಮಾಡಿದರೆ ವಿವೇಕಜ್ಞಾನ ಹುಟ್ಟುತ್ತದೆ ಎಂಬ ಸೂತ್ರವಿದೆ. ಅದರ ವ್ಯಾಸಭಾಷ್ಯ ಬಹು ದೂರ ಹೋಗುತ್ತದೆ. ಎರಡು ಕ್ಷಣಗಳು ಒಟ್ಟಿಗೆ ಇರಲಾರವು. ಆದ್ದರಿಂದ ಮುಹೂರ್ತ, ಹಗಲು, ಇರುಳು ಎಂಬ ಮೊತ್ತಗಳು ಬುದ್ಧಿ ಕೂಡಿಸಿಕೊಂಡವು. ಇರುವುದು ಒಂದೇ ವರ್ತಮಾನ ಕ್ಷಣ, ಇಡೀ ಲೋಕ ಬದಲಾಗುವುದು ಆ ಒಂದರಲ್ಲಿ. ಈ ಮಾತನ್ನು ವಚನದ ಪಕ್ಕದಲ್ಲಿಟ್ಟರೆ ಎರಡನೆಯ ಸಾಲಿನ ಬಿಗಿ ತಿಳಿಯುತ್ತದೆ. ನಿನ್ನೆಯ ನೆನಪನ್ನೂ ನಾಳೆಯ ಆಸೆಯನ್ನೂ ಕೂಡಿಸಿ ‘ಇವೆರಡೂ ನನ್ನವೇ’ ಎನ್ನುವ ಬುದ್ಧಿಯ ಮೊತ್ತವೇ ‘ನಾನು’. ಒಂಟಿ ಕ್ಷಣದಲ್ಲಿ ಕೂಡಿಸಲು ಏನಿದೆ? ಅಲ್ಲಿ ಅರಿವಿದೆ, ಕೆಲಸವಿದೆ. ಹೆಸರು ಹೇಳಿಕೊಳ್ಳುವವನು ಇಲ್ಲ.

ಮೂರನೆಯ ಸಾಲು: ಅಂಜುವವರು ಯಾರು?

ಇಲ್ಲಿ ಎರಡು ಪ್ರಶ್ನೆಗಳಿವೆ. ಅಂಜುವವರಾರು, ಅಳುಕುವವರಾರು ಎಂದು ಬಸವಣ್ಣ ಕೇಳುತ್ತಾರೆ. ‘ಯಾರೂ ಅಂಜರು’ ಎಂಬುದು ಮೇಲಿನ ಅರ್ಥ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಂಡರೆ ಅದು ವಿಚಾರಕ್ಕೆ ಇಳಿಸುತ್ತದೆ: ಅಂಜಿಕೆ ಬಂದಾಗ ಅಂಜುತ್ತಿರುವುದು ಯಾವುದು? ಪತಂಜಲಿ ಎಣಿಸಿದ ಐದು ಕ್ಲೇಶಗಳಲ್ಲಿ ಅವಿದ್ಯೆಯ ಬೆನ್ನಿಗೇ ಅಸ್ಮಿತೆ, ಅಂದರೆ ‘ನಾನು’ ಎಂಬ ಭಾವ ಬರುತ್ತದೆ, ಕೊನೆಗೆ ಅಭಿನಿವೇಶ, ಅಂದರೆ ಸಾವಿನ ಅಂಜಿಕೆ. ಅದು ಬಲ್ಲವರನ್ನೂ ಬಿಡದು ಎನ್ನುತ್ತಾನೆ ಸೂತ್ರಕಾರ. ಅಂಜಿಕೆಯ ತುದಿ ಹಿಡಿದು ಹಿಂದಕ್ಕೆ ಹೋದರೆ ಅಸ್ಮಿತೆ ಸಿಗಲೇಬೇಕು.

ಈ ಹಾದಿ ನಮ್ಮ ನೆಲಕ್ಕೆ ಹೊಸದಲ್ಲ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಇಂಚಗೇರಿಯಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರು ಮಠ ಕಟ್ಟಿದರು. ಅವರ ಶಿಷ್ಯರಲ್ಲಿ ಒಬ್ಬರಾದ ಗುರುದೇವ ರಾನಡೆ ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ನೆಲೆಸಿ 1957ರಲ್ಲಿ ಅಲ್ಲಿಯೇ ದೇಹವಿಟ್ಟರು. ಇನ್ನೊಬ್ಬರು ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯ ಮುಂಬಯಿಯ ನಿಸರ್ಗದತ್ತ ಮಹಾರಾಜರು. 1973ರಲ್ಲಿ ಪ್ರಕಟವಾದ ‘ಐ ಆ್ಯಮ್ ದಟ್’ ಗ್ರಂಥದಿಂದ ನಿಸರ್ಗದತ್ತರ ಮಾತು ದೇಶದ ಗಡಿ ದಾಟಿತು. ಇಂಥವನು, ಇಂಥದ್ದರ ಒಡೆಯ ಎಂಬ ಸೇರಿಕೆಗಳನ್ನೆಲ್ಲ ಬಿಟ್ಟು ಬರಿಯ ‘ಇದ್ದೇನೆ’ ಎಂಬ ಅರಿವಿನಲ್ಲಿ ನಿಲ್ಲುವುದು ಅವರ ಸಾಧನೆಯ ತಿರುಳು. ಸೇರಿಕೆಗಳಿಗೆ ಸಾವಿದೆ, ಆದ್ದರಿಂದ ಅಂಜಿಕೆಯೂ ಅವಕ್ಕೇ. ಬರಿಯ ಇರವಿಗೆ ಅಂಜಲು ಕಾರಣವೇ ಇಲ್ಲ. ಬಸವಣ್ಣನವರ ಎರಡು ಪ್ರಶ್ನೆಗಳಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣದು.

ನಾಲ್ಕನೆಯ ಸಾಲು: ಹುಟ್ಟಿದ್ದಕ್ಕೆ ಸಾವು ನಿಶ್ಚಿತ

ಇಲ್ಲಿ ವಚನ ಸಂಸ್ಕೃತಕ್ಕೆ ಹೊರಳುತ್ತದೆ. ಗೀತೆಯ ಎರಡನೆಯ ಅಧ್ಯಾಯದ 27ನೆಯ ಶ್ಲೋಕದ ಅಭಿಪ್ರಾಯವೂ ಇದೇ. ಅರ್ಜುನನಿಗೆ ಶೋಕ ಬಿಡಿಸಲು ಬಂದ ತತ್ತ್ವ ಇಲ್ಲಿ ಅಂಜಿಕೆ ಬಿಡಿಸಲು ಬಂದಿದೆ. ಸಾವು ಖಚಿತವಾದ ಮೇಲೆ ಅದನ್ನು ಮುಂದೂಡಿ ಗಳಿಸುವುದೇನೂ ಇಲ್ಲ, ಕಳೆದುಕೊಳ್ಳುವುದು ಮಾತ್ರ ಈ ಗಳಿಗೆಯನ್ನು.

ಇದನ್ನು ಬದುಕಿ ತೋರಿಸಿದವರನ್ನು ನಮ್ಮ ವಿಜಯಪುರ ಜಿಲ್ಲೆ ಕಣ್ಣಾರೆ ಕಂಡಿದೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಅಗ್ನಿಗೆ ಒಪ್ಪಿಸಿ, ಸ್ಮಾರಕ ಬೇಡ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಅದರಂತೆಯೇ ದಹನ ನಡೆಯಿತು. ಸತ್ತ ಮೇಲೂ ಹೆಸರಾಗಿ ಉಳಿಯಬೇಕೆಂಬುದು ‘ನಾನು’ವಿನ ಕಡೆಯ ನಾಳೆ. ಅದನ್ನೂ ಅವರು ಮೊದಲೇ ಬಿಟ್ಟುಕೊಟ್ಟಿದ್ದರು.

ಕೊನೆಯ ಸಾಲು: ಸಂಗಮನಾಥನ ಬರಹ

ಕೂಡಲಸಂಗಮದೇವರು ಬರೆದದ್ದನ್ನು ತಪ್ಪಿಸಲು ಹರಿಬ್ರಹ್ಮರಿಗೂ ಸಾಧ್ಯವಿಲ್ಲ ಎಂದು ವಚನ ಮುಗಿಯುತ್ತದೆ. ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಎಲ್ಲವೂ ಬರೆದಿಟ್ಟದ್ದಾದರೆ ಮನುಷ್ಯ ಕೈಕಟ್ಟಿ ಕೂರಬೇಕೆ?

ಸಮಾಧಾನ ಹೀಗೆ. ಕಾಯಕವನ್ನು ಎತ್ತಿಹಿಡಿದವರು ಕೈಕಟ್ಟಲು ಹೇಳಲಾರರು. ಸಿಂದಗಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ರೈತನಿಗೆ ಹದ ನೋಡುವುದು, ಬೀಜ ಆರಿಸುವುದು, ಕೂರಿಗೆ ಹೂಡುವುದು ಇಂದಿನ ಕೆಲಸ. ಮಳೆ ಅವನ ಕೈಯಲ್ಲಿಲ್ಲ. ಮಾಡಬೇಕಾದದ್ದನ್ನು ಬಿಡುವುದು ಸೋಮಾರಿತನ. ತನ್ನ ಕೈಯಲ್ಲಿಲ್ಲದ್ದಕ್ಕೂ ತಾನೇ ಒಡೆಯನೆಂದು ಕೊರಗುವುದು ಅಹಂಕಾರ. ಪ್ರಕೃತಿಯ ಗುಣಗಳು ಮಾಡಿದ್ದನ್ನು ಮೂಢನು ತನ್ನ ಕರ್ತೃತ್ವವೆಂದು ಭ್ರಮಿಸುತ್ತಾನೆ ಎಂದು ಗೀತೆಯ ಮೂರನೆಯ ಅಧ್ಯಾಯ ಹೇಳುವುದೂ ಇದನ್ನೇ. ಸಾಲು ತೆಗೆದುಹಾಕುವುದು ಒಡೆತನವನ್ನು, ದುಡಿಮೆಯನ್ನಲ್ಲ.

ಇನ್ನು ಆ ಸಂಗಮನಾಥ ಇರುವುದೆಲ್ಲಿ? ಬಸವಣ್ಣನವರ ಕರೆಯಂತೆ ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟ ಅವರ ಪತ್ನಿ ನೀಲಾಂಬಿಕೆ, ಈಗ ಮುದ್ದೇಬಿಹಾಳ ತಾಲ್ಲೂಕಿನಲ್ಲಿರುವ ಕೃಷ್ಣಾ ತೀರದ ತಂಗಡಗಿಗೆ ಬಂದಾಗ ಬಸವಣ್ಣನವರು ಐಕ್ಯರಾದ ಸುದ್ದಿ ತಿಳಿಯಿತಂತೆ. ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನೆಂದು ಆಕೆ ಮುಂದೆ ಹೋಗದೆ ತಂಗಡಗಿಯಲ್ಲೇ ಐಕ್ಯರಾದರೆಂಬುದು ಶರಣರ ಪರಂಪರೆಯ ನಂಬಿಕೆ. ವಚನ ಕಾಲದಲ್ಲಿ ಮಾಡಿದ್ದನ್ನು ಆಕೆ ದೇಶದಲ್ಲಿ ಮಾಡಿದರು. ಒಬ್ಬರು ‘ಆಮೇಲೆ’ಯನ್ನು ಬಿಟ್ಟರು, ಇನ್ನೊಬ್ಬರು ‘ಅಲ್ಲಿ’ಯನ್ನು.

ತಾತ್ಪರ್ಯ

ವರ್ತಮಾನದಲ್ಲಿ ಬಾಳುವುದೆಂದರೆ ಚಿಂತೆ ಮರೆತು ಹಾಯಾಗಿರುವುದೆಂದು ಇತ್ತೀಚೆಗೆ ಹಲವರು ತಿಳಿದಿದ್ದಾರೆ. ಈ ವಚನ ಕೇಳುವುದು ಅದಕ್ಕಿಂತ ಕಠಿಣವಾದದ್ದನ್ನು. ಅಂಜಿಕೆ ಬಂದಾಗ ಅದನ್ನು ಒತ್ತಿಹಿಡಿಯದೆ, ಇದು ಯಾರ ಅಂಜಿಕೆ ಎಂದು ಕೇಳಬೇಕು. ಕೇಳಿ, ಕೈಗೆ ಬಂದ ಕೆಲಸವನ್ನು ಪೂರ್ತಿ ಮನಸ್ಸಿನಿಂದ ಮಾಡಬೇಕು. ಬಸವಣ್ಣನವರ ಧೈರ್ಯ ಈ ವಿಚಾರದಿಂದ ಬಂದದ್ದು, ಆದ್ದರಿಂದಲೇ ಅದು ಅಭ್ಯಾಸದಿಂದ ಯಾರಿಗಾದರೂ ದಕ್ಕುವಂಥದ್ದು.